ಕೊಂಬಿನವರು ಬಗ್ಗುವ ಹೊತ್ತು

ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಹಾಡಬಾರದೆಂದು ಯುಲಿಯಾನೆಗೆ ಅವಳ ತಾಯಿ ಏಳನೆಯ ವಯಸ್ಸಿನಲ್ಲೇ ಹೇಳಿಕೊಟ್ಟಿದ್ದಳು. ತಾಯಿಯೂ ನಾಟಕದವಳೇ. ಆದ್ದರಿಂದ ಈಗ ಸೂಜಿಗಳೆಲ್ಲ ಅವಳ ಎಡತೋಳಿನ ಬಟ್ಟೆಯಲ್ಲಿ ಸಾಲಾಗಿ ಚುಚ್ಚಿಕೊಂಡಿದ್ದವು. ಮಡಿಲಲ್ಲಿ ಗಣಿಗಾರನ ವಧುವಿನ ರವಿಕೆ, ಪಕ್ಕದ ಹೊಲಿಗೆ ಅರ್ಧ ಬಿಚ್ಚಿದ್ದು. ಒಂದಷ್ಟು ಬಿಚ್ಚುವುದು, ಕತ್ತರಿ ಕೆಳಗಿಡುವುದು, ಪಕ್ಕದ ಚಿಕ್ಕ ಪಿಯಾನೊದ ಒಂದು ಸ್ವರದ ಮನೆ ಒತ್ತಿ ಅರೆದನಿಯಲ್ಲಿ ಐದು ಸ್ವರ ಹತ್ತಿ ಇಳಿಯುವುದು, ಮತ್ತೆ ಕತ್ತರಿ ಎತ್ತಿಕೊಳ್ಳುವುದು. ಆಟವಿರುವ ದಿನ ಬೆಳಗಾಗುವುದು ಅವಳಿಗೆ ಹೀಗೆಯೇ.

ಆಲ್ಟೆನ್‌ರೋಡದ ಅರಮನೆ ರಂಗಮಂದಿರದಲ್ಲಿ ರಾಣಿಯರ ಉಡುಪು ಅರಮನೆಯ ಪೆಟ್ಟಿಗೆಯಿಂದ ಬರುತ್ತದೆ. ಈ ಕಾಲದ ಹೆಂಗಸರ ಬಟ್ಟೆಯನ್ನು ನಟಿಯೇ ಹೊಂದಿಸಿಕೊಳ್ಳಬೇಕು. ಹೀಗಾಗಿ ಮಂಗಳವಾರ ರಾಣಿಯಾಗಿ ವಿಷ ಕುಡಿದು ಸಾಯುವಾಗ ಯುಲಿಯಾನೆಗೆ ಬಟ್ಟೆಯ ಚಿಂತೆ ಇರುತ್ತಿರಲಿಲ್ಲ. ಶುಕ್ರವಾರ ಗಣಿಗಾರನ ವಧುವಾಗಿ ಹಾಡುವಾಗ ಮಾತ್ರ ಪ್ರತಿ ಉಸಿರಿಗೂ ಪಕ್ಕೆಯ ಹೊಲಿಗೆಯ ನೆನಪಾಗುತ್ತಿತ್ತು.

"ವಧು ದಪ್ಪ ಆಗ್ತಾ ಇದಾಳೆ ಅಮ್ಮಾವ್ರೆ," ಎಂದಳು ತ್ರೀನೆ, ಒಲೆಯ ಮೇಲಿಂದ ಹಾಲು ಇಳಿಸುತ್ತ. ಅವಳು ಮನೆಗೆ ಅಡುಗೆಯವಳು, ರಂಗಮಂದಿರದಲ್ಲಿ ಯುಲಿಯಾನೆಗೆ ಉಡುಪು ತೊಡಿಸುವವಳು. ಎರಡೂ ಕಡೆ ಬಾಯಿ ಒಂದೇ.

"ಇಪ್ಪತ್ತೆರಡು ವರ್ಷದಿಂದ ಗಣಿ ಬಾಗಿಲಲ್ಲಿ ಗಂಡನ್ನ ಕಾಯ್ತಾ ಕೂತಿದಾಳೆ ಪಾಪ. ಊಟ ಮಾಡದೆ ಇನ್ನೇನು ಮಾಡ್ತಾಳೆ?"

"ಅವನು ಬರಲ್ಲ ಬಿಡಿ. ಬರೋ ಹಾಗಿದ್ರೆ ಇಷ್ಟೊತ್ತಿಗೆ ಬಂದಿರೋನು."

"ಬರ್ತಾನಲ್ಲೇ, ಮೂರನೇ ಅಂಕದಲ್ಲಿ."

"ಅದು ನಾಟಕದ್ದು," ಎಂದು ತ್ರೀನೆ ಹಾಲಿಗೆ ಸೆಲ್ಟರ್ಸ್ ಊರಿನ ಊಟೆಯ ನೀರು ಬೆರೆಸಿ ಲೋಟ ತಂದಿಟ್ಟಳು. ಯುಲಿಯಾನೆಯ ಗಂಡ ಹಾಡುಗಾರ. ಹದಿನೈದು ವರ್ಷದ ಹಿಂದೆ ರೀಗಾ ಪಟ್ಟಣದಲ್ಲಿ ಒಂದು ಚಳಿಗಾಲ ಹಾಡಿ ಬರುತ್ತೇನೆಂದು ಹೋದವನು ಅಲ್ಲೇ ಉಳಿದಿದ್ದ. ಅದನ್ನು ಇಬ್ಬರೂ ಹೆಸರು ಹಿಡಿದು ಮಾತಾಡುತ್ತಿರಲಿಲ್ಲ.

ಹಾಲು ಬೆರೆಸಿದ ಆ ನೀರಿನ ಮೇಲೆ ಯುಲಿಯಾನೆಗೆ ಭಕ್ತಿಯಿತ್ತು. ಎರಡು ಚಳಿಗಾಲದ ಹಿಂದೆ ಜ್ವರ ಬಂದು ಎದ್ದ ಮೇಲೆ, ವಧು ಗಣಿಯ ಬಾಯಿಗೆ ಬಾಗಿ ಮೂರು ಸಲ ಕರೆಯುವ ಹಾಡಿನಲ್ಲಿ, ಮೂರನೆಯ ಕರೆಯ ತುದಿಯಲ್ಲಿ ಅವಳ ದನಿ ಒಡೆದಿತ್ತು. ಆ ರಂಗಮಂದಿರದಲ್ಲಿ ದೊರೆ ಚಪ್ಪಾಳೆ ತಟ್ಟದೆ ಬೇರೆಯವರು ತಟ್ಟುವಂತಿಲ್ಲ. ದೊರೆ ಕೈ ಮಡಿಲಲ್ಲೇ ಇಟ್ಟುಕೊಂಡಿದ್ದರು. ಇಡೀ ಸಭಾಂಗಣ ಸುಮ್ಮನೆ ಕೂತಿತ್ತು. ಯಾರೋ ಒಬ್ಬರು ಕೆಮ್ಮಿದ್ದು ಅವಳಿಗೆ ಇವತ್ತಿಗೂ ಕೇಳಿಸುತ್ತದೆ. ಆಮೇಲೆ ಐದು ವಾರ ಅವಳು ಆ ಪಾತ್ರ ಮಾಡಲಿಲ್ಲ, ದಿನಕ್ಕೆ ನಾಲ್ಕು ಲೋಟ ಆ ನೀರು ಕುಡಿದಳು, ಆರನೆಯ ವಾರ ಹಾಡಿದಾಗ ಮೂರನೆಯ ಕರೆ ಬೆಣ್ಣೆಯಂತೆ ಬಂತು. ಅಂದಿನಿಂದ ಮೇಳದ ಹುಡುಗಿಯರಲ್ಲಿ ಅರ್ಧ ಜನಕ್ಕೆ ಅವಳು ಈ ಔಷಧಿ ಕುಡಿಸಿದ್ದಳು. ಯಾರಿಗೂ ಅಷ್ಟು ಗುಣ ಕಂಡಿರಲಿಲ್ಲ. ಅವರು ಸರಿಯಾದ ಬಿಸಿಯಲ್ಲಿ ಕುಡಿಯುವುದಿಲ್ಲವೆಂದು ಅವಳ ನಂಬಿಕೆ.

ಹತ್ತು ಗಂಟೆಗೆ ಅಂಚೆಯವನು ಬಂದ. ಡ್ರೆಸ್ಡೆನ್ನಿನಿಂದ ಒಂದು ಕಾಗದ, ಜೊತೆಗೆ ಉದ್ದನೆಯ ಒಂದು ಪುಟ್ಟ ಪೊಟ್ಟಣ.

ಮೊದಲ ಪತ್ರ ಬಂದದ್ದು ಹದಿನೈದು ದಿನದ ಹಿಂದೆ. ಅತಿಥಿಯಾಗಿ ಬಂದು ಮೂರು ಸಂಜೆ ಆಡಲು ಒಪ್ಪುವಿರಾ ಎಂದು ಕೇಳಿದ್ದರು. ಅವಳು ಮರುದಿನವೇ ಒಪ್ಪಿದ್ದಳು. ನಲವತ್ತಮೂರನೆಯ ವಯಸ್ಸಿನಲ್ಲಿ ಇಂಥ ಪತ್ರ ಎರಡನೆಯ ಸಲ ಬರುವುದಿಲ್ಲವೆಂದು ಯಾರೂ ಹೇಳಬೇಕಾಗಿರಲಿಲ್ಲ. ಇಷ್ಟು ವರ್ಷ ಅವಳು ಒಂದೇ ದೊರೆಗೆ, ಒಂದೇ ಮುನ್ನೂರು ಮುಖಗಳಿಗೆ ಹಾಡಿದ್ದಳು. ಅವಳ ದನಿ ಈ ಊರಿನ ಕೋಟೆಬಾಗಿಲು ದಾಟಿರಲಿಲ್ಲ. ಇಂದಿನ ಪತ್ರದಲ್ಲಿ ತಾರೀಖುಗಳಿದ್ದವು: ಈಸ್ಟರ್ ಹಬ್ಬದ ನಂತರದ ವಾರ, ಎರಡು ಸಂಜೆ ಮಾತಿನ ನಾಟಕ, ಒಂದು ಸಂಜೆ ಗಣಿಗಾರನ ವಧು. ಕೊನೆಯಲ್ಲಿ ಅಲ್ಲಿಯ ವಾದ್ಯವೃಂದದ ಮೇಷ್ಟ್ರು ಕೈಯಾರೆ ಬರೆದಿದ್ದರು: "ಊರೂರಿಗೆ ಶ್ರುತಿ ಬೇರೆ ಇರುವುದರಿಂದ, ಅತಿಥಿಗಳಿಗೆ ತೊಂದರೆಯಾಗದಿರಲೆಂದು ನಮ್ಮ ಶ್ರುತಿಯನ್ನು ಇದರೊಂದಿಗೆ ಕಳಿಸಿದ್ದೇವೆ. ತಮ್ಮ ಹಾಡಿಗೆ ಬೇಕಾದ ಸಂಗೀತದ ಹಾಳೆಗಳನ್ನು ತಾವೇ ತರುವುದಾದರೂ ಸಂತೋಷ."

ಪೊಟ್ಟಣದಲ್ಲಿ ಎರಡು ಕಾಲಿನ ಒಂದು ಉಕ್ಕಿನ ಶ್ರುತಿಕವೆ ಇತ್ತು.

ಯುಲಿಯಾನೆ ಅದನ್ನು ಮೊಣಕಾಲಿಗೆ ಬಡಿದು ಕಿವಿಯ ಹತ್ತಿರ ಹಿಡಿದಳು. ಸಣ್ಣಗೆ, ತಣ್ಣಗೆ ಒಂದೇ ಸ್ವರ ಹರಿಯಿತು. ಪಿಯಾನೊದಲ್ಲಿ ಅದೇ ಮನೆ ಒತ್ತಿದಳು. ಎರಡೂ ಹೊಂದಲಿಲ್ಲ. ಪಿಯಾನೊ ಒಂದು ಇಡೀ ಸ್ವರ ಕೆಳಗಿತ್ತು.

"ಅಬ್ಬ, ಇವರು ಆಕಾಶದಲ್ಲಿ ಹಾಡ್ತಾರಾ?" ಎಂದಳು.

"ದೊಡ್ಡ ಊರು ಅಮ್ಮಾವ್ರೆ. ಅಲ್ಲಿ ಎಲ್ಲಾ ಎತ್ತರಾನೇ," ಎಂದಳು ತ್ರೀನೆ.

ಯುಲಿಯಾನೆ ಕವೆಯನ್ನು ಮತ್ತೆ ಬಡಿದು ಅದರ ಸ್ವರದಿಂದ ಲೆಕ್ಕ ಹಿಡಿದು ಮೂರನೆಯ ಕರೆಯನ್ನು ಮೆಲ್ಲಗೆ ಹಾಡಿನೋಡಿದಳು. ತುದಿಗೆ ಬಂದಾಗ ಗಂಟಲಲ್ಲಿ ಬಾಗಿಲೊಂದು ಮುಚ್ಚಿಕೊಂಡಿತು. ದಿನಾ ಇದೇ ಪಿಯಾನೊದ ಮುಂದೆ ನಿಂತು ಸಲೀಸಾಗಿ ಹತ್ತುವ ಕರೆ. ಬೆಳಗಿನ ಗಂಟಲು, ಇನ್ನೂ ಬಿಸಿಯಾಗಿಲ್ಲ ಎಂದುಕೊಂಡು ಕವೆಯನ್ನು ಸೂಜಿಬುಟ್ಟಿಗೆ ಹಾಕಿ, ಬುಟ್ಟಿಯನ್ನೇ ಹಿಡಿದುಕೊಂಡು ತಾಲೀಮಿಗೆ ಹೊರಟಳು. ಡ್ರೆಸ್ಡೆನ್ನಿನ ಶ್ರುತಿ ಎತ್ತರವಾದರೆ ಏನು ಮಾಡಬೇಕೆಂದು ರುಪ್ರೆಕ್ಟ್ ಮೇಷ್ಟ್ರನ್ನೇ ಕೇಳಬೇಕು.

ಕಾಸ್ಪರ್ ರುಪ್ರೆಕ್ಟ್ ಅರಮನೆಯ ವಾದ್ಯವೃಂದದ ಮೇಷ್ಟ್ರು. ಅರವತ್ತರ ಹತ್ತಿರದವರು. ಅವಳು ಈ ಊರಿಗೆ ಬಂದ ವರ್ಷವೇ ಅವರೂ ಬಂದದ್ದು. ತಾಲೀಮು ಮುಗಿದು ಎಲ್ಲರೂ ಬ್ರೆಡ್ಡು, ಸಾಸೇಜು ತಿನ್ನಲು ಅಂಗಳಕ್ಕೆ ಹೋದ ಮೇಲೆ ಅವಳು ಪತ್ರ ತೋರಿಸಿದಳು. ಅವರು ಕನ್ನಡಕ ಏರಿಸಿ ಓದಿದರು. ಓದಿ ಮುಗಿದರೂ ಹಾಳೆಯಿಂದ ಕಣ್ಣು ತೆಗೆಯಲಿಲ್ಲ.

"ಮಾತಿನ ನಾಟಕ ಎರಡೂ ಚೆನ್ನಾಗಿವೆ," ಎಂದರು. "ಹಾಡಿಂದು ಬಿಟ್ಬಿಡು ಯುಲಿಯಾನೆ."

"ಯಾಕೆ?"

"ಆ ಊರಿನ ರಂಗಮಂದಿರ ದೊಡ್ಡದು. ಗಾಳಿ ಹೊಡಿಯುತ್ತೆ."

"ಗಾಳಿಗೆ ಶಾಲು ಹೊದ್ಕೋತೀನಿ."

"ಈಸ್ಟರ್ ಹೊತ್ತಿಗೆ ದಾರಿ ಎಲ್ಲಾ ಕೆಸರು. ಗಾಡಿಲಿ ಮೂರು ದಿನ ಕುಲುಕಾಡಿ ಹೋಗಿ ಹಾಡಕ್ಕಾಗುತ್ತಾ?"

"ಮಾತಾಡೋಕಾದ್ರೆ ಆಗುತ್ತಾ? ಗಾಡಿ ಒಂದೇ ಅಲ್ವಾ ಮೇಷ್ಟ್ರೆ?"

ಅವರು ಕನ್ನಡಕ ತೆಗೆದು ಅಂಗಿಯ ಚುಂಗಿಗೆ ಒರೆಸತೊಡಗಿದರು. ಒರೆಸಿದ ಗಾಜನ್ನೇ ಮತ್ತೆ ಒರೆಸಿದರು. "ಅಲ್ಲಿಯ ಜನ ಒಳ್ಳೇವರಲ್ಲ. ತಪ್ಪು ಹುಡುಕ್ತಾರೆ."

ಯುಲಿಯಾನೆಗೆ ರೇಗಿತು. ಎಂಟು ವರ್ಷದ ಹಿಂದೆ ಮೇಷ್ಟ್ರು ತಾವು ಬರೆದ ಸಂಗೀತವನ್ನು ಡ್ರೆಸ್ಡೆನ್ನಿಗೆ ಕಳಿಸಿದ್ದರು. ಅದು ಕಟ್ಟು ಬಿಚ್ಚದೆ ಹಿಂತಿರುಗಿತ್ತು. "ನಿಮ್ಮನ್ನ ಕರೀಲಿಲ್ಲ ಅಂತ ನಾನೂ ಹೋಗಬಾರದಾ?" ಎಂದಳು. ಹೇಳಿದ ಮೇಲೆ ಬೇಡವಾಗಿತ್ತು ಅನಿಸಿತು. ಆದರೆ ಅವರ ಮುಖದಲ್ಲಿ ಕೋಪ ಬರಲಿಲ್ಲ. ಒಂಥರಾ ಸಮಾಧಾನವೇ ಕಂಡಿತು. ಅದೇ ಅವಳಿಗೆ ಇನ್ನೂ ಸಿಟ್ಟು ತಂದಿತು.

"ಹೂಂ, ಹಾಗೇ ಅಂದ್ಕೋ," ಎಂದರು ಮೇಷ್ಟ್ರು. "ಮುದುಕನ ಹೊಟ್ಟೆಕಿಚ್ಚು ಅಂತ್ಲೇ ಇಟ್ಕೋ."

"ಮೊದಲು ಕೊಂಬು ಊದೋ ನಿಮ್ಮ ಅಣ್ಣತಮ್ಮಂದಿರನ್ನ ಸರಿ ಮಾಡಿ. ನನ್ನ ಹಾಡು ಶುರುವಾಗೋ ಮುಂಚೆ ದಿನಾ ಇಬ್ಬರೂ ಬಗ್ಗಿ ಕಾಲ ಕೆಳಗೆ ಏನೋ ತಡಕಾಡ್ತಾರೆ. ನಾನಿಲ್ಲಿ ಗಂಡ ಸತ್ತ ಅಂತ ಅಳ್ತಾ ಇದ್ರೆ ಅವರು ಅಲ್ಲಿ ಸೀಸೆ ಬಗ್ಗಿಸ್ತಾರೆ. ಎರಡು ವರ್ಷದಿಂದ ಹೇಳ್ತಾ ಇದೀನಿ."

"ಹೇಳ್ತೀನಿ ಅವರಿಗೆ," ಎಂದು ಮೇಷ್ಟ್ರು ಪತ್ರವನ್ನು ನಾಲ್ಕಾಗಿ ಮಡಿಸಿ, ಅದು ತಮ್ಮದಲ್ಲವೆಂದು ನೆನಪಾಗಿ, ಮತ್ತೆ ಬಿಡಿಸಿ ಅವಳ ಕೈಗಿಟ್ಟು ಹೊರಟುಹೋದರು.

ಅವರು ಹೋದ ಮೇಲೆ ವಾದ್ಯದವರ ತಗ್ಗಿನಲ್ಲಿ ಒಬ್ಬನೇ ಉಳಿದಿದ್ದ. ಓಬೋ ಎಂಬ, ಶಹನಾಯಿಯಂಥ ವಾದ್ಯ ಊದುವ ಹೆಲ್ಮರ್. ಅದರ ಬಾಯಿಗೆ ಜೊಂಡಿನ ಹೊಸ ನಾಲಿಗೆ ಕೂರಿಸುತ್ತಿದ್ದ. ವಾದ್ಯವೃಂದಕ್ಕೆ ಶ್ರುತಿ ಕೊಡುವವನು ಅವನೇ.

"ಹೆಲ್ಮರ್, ಒಂಚೂರು ಶ್ರುತಿ ಕೊಡಪ್ಪ."

"ಈಗ ಯಾಕೆ ಮದಾಮ್? ಸಂಜೆ ಕೊಡ್ತೀನಲ್ಲ."

"ಸಂಜೆದು ಸಂಜೆಗಾಯ್ತು. ಈಗ ಕೊಡು."

ಹೆಲ್ಮರ್ ಊದಿದ. ಯುಲಿಯಾನೆ ಬುಟ್ಟಿಯಿಂದ ಕವೆ ತೆಗೆದು ಮರದ ಅಂಚಿಗೆ ಬಡಿದಳು. ಎರಡು ಸ್ವರವೂ ಒಂದರ ಪಕ್ಕ ಒಂದು ಅಂಟಿಕೊಂಡು ನಿಂತವು. ಓಬೋ ಒಂದು ಕೂದಲೆಳೆ ಕೆಳಗಿರಬಹುದು, ಅಷ್ಟೇ.

"ಡ್ರೆಸ್ಡೆನ್ನಿಂದಾ?" ಎಂದ ಹೆಲ್ಮರ್, ಕುತೂಹಲದಿಂದ ಕವೆ ನೋಡುತ್ತ. "ಹೊಸ ಓಬೋಗಳು ಬಂದಮೇಲೆ ನಮ್ಮದೂ ಅವರದೂ ಒಂದೇ ಮದಾಮ್. ನಾಲ್ಕು ವರ್ಷ ಆಯ್ತಲ್ಲ." ಅಷ್ಟು ಹೇಳಿದವನು ಏನೋ ನೆನಪಾದಂತೆ ಬಾಯಿ ಮುಚ್ಚಿದ. ಅವನ ಕಿವಿ ಕೆಂಪಾಯಿತು. ಓಬೋದ ನಾಲಿಗೆ ಕೆಳಗೆ ಬಿತ್ತು, ಅದನ್ನು ಹುಡುಕುವ ನೆಪದಲ್ಲಿ ಅವನು ಬಗ್ಗಿದವನು ಏಳಲೇ ಇಲ್ಲ.

ಯುಲಿಯಾನೆ ಅಲ್ಲೇ ನಿಂತಳು. ರಂಗಮಂದಿರದ ಶ್ರುತಿ ಡ್ರೆಸ್ಡೆನ್ನಿನದೇ. ಹಾಗಾದರೆ ಕೆಳಗಿರುವುದು ಅವಳ ಮನೆಯ ಪಿಯಾನೊ ಒಂದೇ. ಆ ಪಿಯಾನೊಗೆ ಎರಡು ತಿಂಗಳಿಗೊಮ್ಮೆ ಶ್ರುತಿ ಮಾಡುವವರು ಕ್ನೋಲ್ ಮಾಮ. ವಾದ್ಯವೃಂದದಲ್ಲಿ ದೊಡ್ಡ ಪಿಟೀಲಿನಂಥ ವಿಯೋಲಾ ಬಾರಿಸುವ ಎಪ್ಪತ್ತರ ಮುದುಕ, ಕಿವಿ ಇನ್ನೂ ಚೂಪು. ಅವರು ಒಂದು ಇಡೀ ಸ್ವರ ತಪ್ಪುವವರಲ್ಲ. ಮತ್ತೆ, ಮನೆಯಲ್ಲಿ ಹತ್ತುವ ಅದೇ ಕರೆ ಇಲ್ಲಿ ರಂಗದ ಮೇಲೂ ಹಾಗೆಯೇ ಹತ್ತುತ್ತಿತ್ತಲ್ಲ. ಇಲ್ಲಿಯ ಶ್ರುತಿ ಎತ್ತರವಾಗಿದ್ದರೆ ಹೇಗೆ ಹತ್ತಿತು?

ಸಂಗೀತದ ಹಾಳೆಗಳ ಕಪಾಟು ಬಣ್ಣದ ಪರದೆಗಳ ಹಿಂದಿನ ಕೋಣೆಯಲ್ಲಿತ್ತು. ಹಾಳೆಗಳನ್ನು ಪ್ರತಿಮಾಡಿ ಇಡುವ ಕೆಲಸವೂ ಕ್ನೋಲ್ ಮಾಮನದೇ. ಬೀಗದ ಕೈಯನ್ನು ಬಾಗಿಲ ಮೇಲಿನ ಮೊಳೆಗೆ ತೂಗುಹಾಕುತ್ತಿದ್ದರು, ಎಲ್ಲರಿಗೂ ಗೊತ್ತಿದ್ದ ಜಾಗ. ಯುಲಿಯಾನೆ ಈ ಕಪಾಟನ್ನು ಒಮ್ಮೆಯೂ ತೆರೆದವಳಲ್ಲ. ಹಾಡುವವಳಿಗೆ ಅವಳ ಪಾಲಿನ ಹಾಳೆ ಮನೆಗೇ ಬರುತ್ತದೆ. ಬೇರೆಯವರ ಹಾಳೆಯಲ್ಲಿ ಏನಿದೆಯೆಂದು ನೋಡುವ ಪದ್ಧತಿಯೇ ಇಲ್ಲ.

ಸಂಜೆಯ ಆಟಕ್ಕೆಂದು ಗಣಿಗಾರನ ವಧುವಿನ ಕಟ್ಟು ಮೇಲೆಯೇ ಇತ್ತು. ಮೊದಲ ಪಿಟೀಲಿನ ಹಾಳೆ ತೆಗೆದಳು. ಎರಡನೆಯ ಅಂಕದ ಕೊನೆ, ಅವಳ ಹಾಡಿನ ಜಾಗದಲ್ಲಿ ಹಳದಿಯಾದ ಹಳೆಯ ಪುಟದ ಮೇಲೆ ಬಿಳಿಯ ಹೊಸ ಪುಟವೊಂದನ್ನು ಹೊಲಿದಿದ್ದರು. ಅದೇ ಹಾಡು, ಒಂದು ಇಡೀ ಸ್ವರ ಇಳಿಸಿ ಬರೆದದ್ದು. ಕ್ನೋಲ್ ಮಾಮನ ಬರಹ, ಅಕ್ಕಿಕಾಳಿನಂತೆ ದುಂಡಗೆ. ಎರಡನೆಯ ಪಿಟೀಲು, ಹೊಸ ಪುಟ. ವಿಯೋಲಾ, ಹೊಸ ಪುಟ. ಕೊಳಲು, ಓಬೋ, ಎಲ್ಲಕ್ಕೂ ಹೊಸ ಪುಟ, ಎಲ್ಲವನ್ನೂ ಬೂದು ದಾರದಲ್ಲಿ ಹೊಲಿದದ್ದು. ಮೂಲೆಯಲ್ಲಿ ತಾರೀಖು. ಅವಳು ಜ್ವರ ಬಿದ್ದು ಎದ್ದು, ದನಿ ಒಡೆದು, ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದ ಐದು ವಾರಗಳಲ್ಲಿ ನಾಲ್ಕನೆಯದು.

ಕೊಂಬಿನವರ ಹಾಳೆಯನ್ನು ಅವಳು ಕೊನೆಗೆ ತೆಗೆದಳು. ಸ್ವರದ ನೆಲೆ ಬದಲಾದರೆ ಕೊಂಬಿನವರು ಕೊಂಬಿನೊಳಗಿನ ಬಾಗಿದ ಕೊಳವೆಯನ್ನು ತೆಗೆದು ಬೇರೆ ಉದ್ದದ್ದನ್ನು ಸಿಕ್ಕಿಸಬೇಕು. ಇಲ್ಲದಿದ್ದರೆ ಆ ನೆಲೆಯ ಸ್ವರಗಳು ಅದರಲ್ಲಿ ಹುಟ್ಟುವುದಿಲ್ಲ. ಹಾಡಿಗೆ ಮುಂಚಿನ ಮಾತುಗಳ ಎದುರು ಕ್ನೋಲ್ ಮಾಮ ಕೆಂಪು ಶಾಯಿಯಲ್ಲಿ ಬರೆದಿದ್ದರು: "ಅವಳು 'ಕತ್ತಲಾಯಿತು' ಅಂದ ಕೂಡಲೇ ಕೊಳವೆ ಬದಲಿಸಿ. ಮೊಣಕಾಲ ಕೆಳಗೆ, ಬಗ್ಗಿ. ಶಬ್ದ ಬೇಡ. ಅವಳಿಗೆ ಕಾಣಬಾರದು."

ಯುಲಿಯಾನೆ ನಾಟಕದ ಒಂದು ಹಳೆಯ ಸಿಂಹಾಸನದ ಮೇಲೆ ಕೂತಳು.

ಎರಡು ವರ್ಷ. ವಾದ್ಯವೃಂದದಲ್ಲಿ ಇಪ್ಪತ್ತನಾಲ್ಕು ಜನ. ಈ ಊರಿನಲ್ಲಿ ಯಾರ ಮನೆಯಲ್ಲಿ ಯಾವ ಸಾರು ಸೀದಿತೆಂಬುದು ಮಧ್ಯಾಹ್ನದೊಳಗೆ ಅರಮನೆಗೆ ಗೊತ್ತಾಗುತ್ತದೆ. ಅವಳ ಗಂಡ ರೀಗಾದಲ್ಲಿ ಇನ್ನೊಬ್ಬಳನ್ನು ಕಟ್ಟಿಕೊಂಡದ್ದು ಅವಳಿಗಿಂತ ಮೊದಲು ಬ್ರೆಡ್ಡಿನ ಅಂಗಡಿಯವಳಿಗೆ ತಿಳಿದಿತ್ತು. ಅಂಥ ಊರಿನಲ್ಲಿ ಇಪ್ಪತ್ತನಾಲ್ಕು ಜನ, ಅವರ ಹೆಂಡಿರು ಸೇರಿದರೆ ನಲವತ್ತು, ಬಾಯಿ ಬಿಟ್ಟಿರಲಿಲ್ಲ. ಅವಳು ಕೊಂಬಿನವರನ್ನು ಕುಡುಕರೆಂದು ಎಲ್ಲರೆದುರು ಬೈದಾಗ ಆ ಇಬ್ಬರು ಅಣ್ಣತಮ್ಮಂದಿರು ತಲೆ ತಗ್ಗಿಸಿ ಕೇಳಿಕೊಂಡಿದ್ದರು. ಹಿರಿಯವನು ಕ್ಷಮೆಯನ್ನೂ ಕೇಳಿದ್ದ.

ಮೊದಲು ನಾಚಿಕೆ ಬಂತು. ಮೈಯೆಲ್ಲ ಬಿಸಿಯಾಗುವ ನಾಚಿಕೆ. ಸ್ನಾನದ ಮನೆಯಲ್ಲಿ ಹಾಡಿದ್ದನ್ನು ಹೊರಗೆ ಜನ ನಿಂತು ಕೇಳಿದ್ದು ತಿಳಿದ ಹಾಗೆ. ಹಾಲು ಬೆರೆಸಿದ ನೀರು ನೆನಪಾಗಿ ಕೆನ್ನೆ ಇನ್ನಷ್ಟು ಉರಿಯಿತು. ಮೇಳದ ಹುಡುಗಿಯರಿಗೆ ಲೋಟ ಹಿಡಿದು ಉಪದೇಶ ಮಾಡಿದ್ದಳಲ್ಲ.

ನಾಚಿಕೆಯ ಹಿಂದೆಯೇ ಸಿಟ್ಟು. ನನ್ನ ಗಂಟಲು, ನನ್ನನ್ನು ಕೇಳದೆ ಇವರು ಹೇಗೆ ತೀರ್ಮಾನ ಮಾಡಿದರು?

ಸಿಟ್ಟು ಹೆಚ್ಚು ಹೊತ್ತು ನಿಲ್ಲಲಿಲ್ಲ. ಅದರ ಕೆಳಗಿದ್ದದ್ದನ್ನು ನೋಡಲು ಅವಳಿಗೆ ಇಷ್ಟವಿರಲಿಲ್ಲ, ಆದರೂ ನೋಡಿದಳು. ನಿನಗೆ ಗೊತ್ತೇ ಇರಲಿಲ್ಲವಾ ಯುಲಿಯಾನೆ? ಮನೆಯಲ್ಲಿ ಹಾಡಿದ ಬೇರೆ ಹಾಡುಗಳೆಲ್ಲ ರಂಗದ ಮೇಲೆ ಒಂದು ಮೆಟ್ಟಿಲು ಎತ್ತರ ಅನಿಸುತ್ತಿದ್ದವು. ದೀಪದ ಶಾಖ, ಭಯ ಎಂದುಕೊಂಡಿದ್ದಳು. ಆರನೆಯ ವಾರ ಆ ಕರೆ ಬೆಣ್ಣೆಯಂತೆ ಬಂದಾಗ, ಬಿಗಿಯಾದ ಬೂಟಿನ ದಾರವನ್ನು ಯಾರೋ ಸಡಿಲಿಸಿದಂತೆ ಅನಿಸಿತ್ತು. ಸಡಿಲಿಸಿದವರು ಯಾರೆಂದು ಬಗ್ಗಿ ನೋಡಲಿಲ್ಲ. ನೋಡಿದರೆ ಮತ್ತೆ ಬಿಗಿದುಬಿಡುತ್ತಾರೇನೋ ಎಂಬ ಹೆದರಿಕೆಯಿತ್ತು. ಗೊತ್ತಿರಲಿಲ್ಲ ಎನ್ನುವುದು ಪೂರ್ತಿ ಸುಳ್ಳಲ್ಲ. ಕೇಳಿಕೊಳ್ಳಲಿಲ್ಲ ಎನ್ನುವುದು ಹೆಚ್ಚು ನಿಜ.

ಹಾಳೆಗಳನ್ನು ಇದ್ದ ಹಾಗೆ ಜೋಡಿಸಿ, ಬೀಗದ ಕೈಯನ್ನು ಮೊಳೆಗೆ ಹಾಕಿ ಮನೆಗೆ ಬಂದಳು.

ಮನೆಯಲ್ಲಿ ಕ್ನೋಲ್ ಮಾಮ ಬಂದು ಕೂತಿದ್ದರು. ಅಂದು ಅವರು ಬರುವ ದಿನವಲ್ಲ. ಪಿಯಾನೊದ ಮುಚ್ಚಳ ತೆರೆದು, ತಂತಿ ತಿರುಗಿಸುವ ಕೀಲಿ ಕೈಯಲ್ಲಿ ಹಿಡಿದು, ಏನೂ ಮಾಡದೆ ಕೂತಿದ್ದರು. ರುಪ್ರೆಕ್ಟ್ ಮೇಷ್ಟ್ರು ಅಂಗಳಕ್ಕೆ ಹೋದವರೇ ಇವರಿಗೆ ಪತ್ರದ ವಿಷಯ ಹೇಳಿರಬೇಕು.

"ಏನು ಮಾಮ, ಇವತ್ತು ಈ ಕಡೆ?"

"ಹೀಗೇ ಬಂದೆ ಮಗಳೇ. ಚಳಿ ಹೋಗ್ತಾ ಬಂತಲ್ಲ. ಚಳಿಗಾಲದಲ್ಲಿ ತಂತಿ ಇಳಿದಿರುತ್ತೆ."

"ತುಂಬಾ ಇಳಿದಿದೆಯಾ?"

ಮುದುಕರು ಒಂದು ಮನೆ ಒತ್ತಿದರು. ಆ ಸ್ವರ ಆರುವ ತನಕ ಕೇಳಿದರು. "ಸ್ವಲ್ಪ," ಎಂದರು. "ಸ್ವಲ್ಪ ಸ್ವಲ್ಪಾನೇ ಇಳಿಯುತ್ತೆ ನೋಡು, ಇದ್ದವರಿಗೆ ಗೊತ್ತೇ ಆಗಲ್ಲ. ಏರಿಸಿಬಿಡ್ಲಾ? ಒಂದೇ ಸಲಕ್ಕೆ ಏರಿಸಿದ್ರೆ ನಾಳೆ ನೀನು ಹಾಡ್ದಾಗ..."

ಯುಲಿಯಾನೆಗೆ ಅವರ ಯೋಚನೆ ಅರ್ಥವಾಯಿತು. ಅವರು ಹೇಳಲಾರರು. ಪಿಯಾನೊ ಹೇಳಲಿ ಎಂದು ಬಂದಿದ್ದಾರೆ. ನಾಳೆ ಅವಳು ಇಲ್ಲಿ ನಿಂತು ಹಾಡಿ, ಗಂಟಲು ಹತ್ತದೆ, ಯಾರ ಮುಂದೆಯೂ ಅಲ್ಲದೆ ಒಬ್ಬಳೇ ತಿಳಿದುಕೊಂಡು, ಡ್ರೆಸ್ಡೆನ್ನಿಗೆ ಬರುವುದಿಲ್ಲವೆಂದು ಬರೆದುಬಿಡಲಿ ಎಂದು. ಅವರ ಕೈಯ ಕೀಲಿ ನಡುಗುತ್ತಿತ್ತು. ಎರಡು ವರ್ಷ ಎರಡು ತಿಂಗಳಿಗೊಮ್ಮೆ ಬಂದು, ಕಾಫಿ ಕುಡಿದು, ತ್ರೀನೆಯ ಹತ್ತಿರ ಬೈಸಿಕೊಂಡು, ಮನೆಯ ಪಿಯಾನೊ ರಂಗದ ಇಳಿಸಿದ ಹಾಡಿಗೆ ಹೊಂದಲೆಂದು ಕೂದಲೆಳೆಯಷ್ಟೇ ಇಳಿಸಿ ಇಳಿಸಿ ಹೋದ ಕೈ.

ಬುಟ್ಟಿಯಲ್ಲಿ ರವಿಕೆಯ ಕೆಳಗೆ ಉಕ್ಕಿನ ಕವೆ ಇತ್ತು. ಅದನ್ನು ತೆಗೆದು ಮೇಜಿನ ಮೇಲಿಟ್ಟರೆ ಸಾಕು, ಎಲ್ಲ ಮಾತೂ ಮುಗಿಯುತ್ತಿತ್ತು. ಅವಳು ಬುಟ್ಟಿಯನ್ನು ಕುರ್ಚಿಯ ಕೆಳಗೆ ಸರಿಸಿದಳು.

"ಬೇಡ ಮಾಮ," ಎಂದಳು. "ನಂಗೆ ಈ ಶ್ರುತಿಗೇ ಅಭ್ಯಾಸ ಆಗಿದೆ. ಹೀಗೇ ಇರಲಿ."

ಕ್ನೋಲ್ ಮಾಮ ತಲೆಯೆತ್ತಿ ಅವಳನ್ನು ನೋಡಿದರು. ಅವಳು ಆಗಲೇ ಸೂಜಿಗೆ ದಾರ ಪೋಣಿಸುತ್ತಿದ್ದಳು. ಮೊದಲ ಸಲಕ್ಕೇ ಪೋಣಿಸಿದಳು, ಅದಕ್ಕೆ ಅವಳಿಗೇ ಆಶ್ಚರ್ಯವಾಯಿತು.

"ಮಾಮ, ಶ್ರುತಿ ಮಾಡಲ್ಲ ಅಂದ್ಮೇಲೆ ಕಾಫಿ ಯಾಕೆ ಅಂತ ಕೇಳ್ತಾರೆ ಅಮ್ಮಾವ್ರು," ಎಂದಳು ತ್ರೀನೆ ಒಳಗಿನಿಂದ.

"ನಾನೆಲ್ಲಿ ಕೇಳಿದೆ? ಕೊಡೇ. ಕೇಕೂ ಕೊಡು."

"ಅವರಿಗೆ ಹಲ್ಲಿಲ್ಲ."

"ಅದ್ದಿಕೊಂಡು ತಿಂತೀನಮ್ಮ," ಎಂದರು ಮುದುಕರು.

ಸಂಜೆ ಐದೂವರೆಗೆ ಅರಮನೆಯ ಗಾಡಿ ಬಂದು ಅವಳನ್ನು ಕರೆದೊಯ್ದಿತು. ಆರಕ್ಕೆ ದೊರೆ ಬಂದು ಕೂತರು. ಮೊದಲ ಅಂಕ ಎಂದಿನಂತೆ ನಡೆಯಿತು. ರವಿಕೆಯ ಹೊಸ ಹೊಲಿಗೆ ಉಸಿರಿಗೆ ಜಾಗ ಕೊಟ್ಟಿತು.

ಎರಡನೆಯ ಅಂಕದ ಕೊನೆಗೆ ಅವಳು ಗಣಿಯ ಬಾಯಿಯ ಪಕ್ಕ ಬಂದು ನಿಂತಳು. ಹಲಗೆಯಲ್ಲಿ ಕೊರೆದ ಒಂದು ಚೌಕ, ಒಳಗೆ ಕಪ್ಪು ಬಟ್ಟೆ. ಗಂಡ ಮೇಲೆ ಬರಲಿಲ್ಲವೆಂದು ನೆರೆಯವರು ಹೇಳಿ ಹೋಗಿದ್ದಾರೆ. ಅವಳು ಹೇಳಬೇಕಾದದ್ದು ನಾಲ್ಕೇ ವಾಕ್ಯ, ಆಮೇಲೆ ಹಾಡು.

"ಎಲ್ಲರೂ ಹೋದರು. ಕತ್ತಲಾಯಿತು," ಎಂದಳು.

ಕೆಳಗೆ, ದೀಪದ ಸಾಲಿನ ಆಚೆ, ಇಬ್ಬರು ಕೊಂಬಿನವರು ಬಗ್ಗಿದರು.

ಇಷ್ಟು ದಿನ ಅವರ ಬೆನ್ನು ಕಂಡಾಗ ಅವಳಿಗೆ ಮೈ ಉರಿಯುತ್ತಿತ್ತು, ಮುಂದಿನ ಎರಡು ವಾಕ್ಯ ಅವಸರದಲ್ಲಿ ಮುಗಿಯುತ್ತಿದ್ದವು. ಇಂದು ಅವಳು ನೋಡಿದಳು. ಹಿರಿಯವನು ಬೇಗ ಎದ್ದ. ಕಿರಿಯವನ ಕೊಳವೆ ಎಲ್ಲೋ ಸಿಕ್ಕಿಕೊಂಡಿತ್ತು. ಅವನ ಭುಜ ಗಾಬರಿಯಿಂದ ಅಲ್ಲಾಡುತ್ತಿತ್ತು. ಮೇಷ್ಟ್ರ ಕೈ ಮೇಲೆದ್ದು ಅಲ್ಲೇ ನಿಂತಿತ್ತು.

ಯುಲಿಯಾನೆ ಮಾತು ಮುಂದುವರಿಸಲಿಲ್ಲ. ಶಾಲಿನ ಗಂಟು ಬಿಚ್ಚಿದಳು. ಚಳಿಯಾದವಳಂತೆ ಶಾಲನ್ನು ಮತ್ತೆ ಹೊದ್ದು, ನಿಧಾನವಾಗಿ ಗಂಟು ಹಾಕಿದಳು. ಒಂದು ಸುತ್ತು. ಇನ್ನೊಂದು ಸುತ್ತು. ಸಭಾಂಗಣ ಉಸಿರು ಹಿಡಿದು ಆ ಗಂಟನ್ನೇ ನೋಡುತ್ತಿತ್ತು. ಕಿರಿಯವನು ಎದ್ದು ಕೂತು ಕೊಂಬನ್ನು ತುಟಿಗೆ ತಂದ ಮೇಲೆ ಉಳಿದ ಎರಡು ವಾಕ್ಯ ಹೇಳಿದಳು. ಮೇಷ್ಟ್ರು ಅವಳನ್ನು ಒಂದು ಕ್ಷಣ ದಿಟ್ಟಿಸಿ ಕೈ ಇಳಿಸಿದರು.

ಮೊದಲ ಕರೆ. ಎರಡನೆಯದು. ಹಾಡುತ್ತ ಅವಳು ತನ್ನ ದನಿಯನ್ನು ಬೇರೆ ಯಾರದೋ ದನಿಯಂತೆ ಕೇಳಿಸಿಕೊಂಡಳು. ಇಪ್ಪತ್ತೊಂದರ ವಯಸ್ಸಿನಲ್ಲಿ ಅವಳು ಈ ಹಾಡನ್ನು ಮೇಲಿನ ಶ್ರುತಿಯಲ್ಲಿ ಹಾಡುವಾಗ ಮೂರನೆಯ ಕರೆ ಗಂಟೆಯಂತೆ ಮೊಳಗುತ್ತಿತ್ತು. ಕೇಳಿದವರು ಅವನು ಬಂದೇ ಬರುತ್ತಾನೆ ಎಂದುಕೊಳ್ಳುತ್ತಿದ್ದರು. ಈ ಇಳಿದ ಶ್ರುತಿಯಲ್ಲಿ ಅದರ ಬಣ್ಣ ಕಂದು. ಬರುವುದಿಲ್ಲವೆಂದು ಗೊತ್ತಿದ್ದೂ ಕರೆಯುವ ಹೆಂಗಸಿನ ದನಿ. ಎರಡು ವರ್ಷದಿಂದ ಹೀಗೇ ಹಾಡುತ್ತಿದ್ದಳು. ಹಳೆಯದೇ ಮರಳಿ ಬಂದಿದೆಯೆಂದು ನಂಬಿದ್ದರಿಂದ ಇದನ್ನು ಕೇಳಿಸಿಕೊಂಡೇ ಇರಲಿಲ್ಲ. ಮೂರನೆಯ ಕರೆಯ ತುದಿಯನ್ನು ಅವಳು ಅವಸರವಿಲ್ಲದೆ ಮುಟ್ಟಿ, ಅಲ್ಲೇ ಬಿಟ್ಟಳು.

ದೊರೆ ಚಪ್ಪಾಳೆ ತಟ್ಟಿದರು. ಆಮೇಲೆ ಎಲ್ಲರೂ.

ಪರದೆಯ ಹಿಂದೆ ತ್ರೀನೆ ಶಾಲು ಇಸಿದುಕೊಂಡು ಗೊಣಗಿದಳು. "ಇವತ್ತೇನು ಗಂಟು ಹಾಕೋದು ಅಷ್ಟೊತ್ತು? ನಾನು ಇಲ್ಲಿ ನಿಂತು ಎರಡು ಸಲ ಉಸಿರಾಡಿದೆ."

"ಚಳಿ ಆಯ್ತು ಕಣೆ."

"ನಾಳೆ ಊಟೆ ನೀರಿಗೆ ಹಾಲು ಜಾಸ್ತಿ ಹಾಕ್ಲಾ?"

"ಹಾಕು," ಎಂದಳು ಯುಲಿಯಾನೆ. ಆ ನೀರಿನ ರುಚಿ ಅವಳಿಗೆ ಇಷ್ಟವೇ. "ನಾಳೆ ಪೇಟೆಗೆ ಹೋದಾಗ ಗೆರೆ ಹಾಕಿದ ಸಂಗೀತದ ಕಾಗದ ತಗೊಂಡು ಬಾ. ಎರಡು ದಸ್ತೆ," ಎಂದಳು.

"ಅಷ್ಟೊಂದು ಯಾಕೆ? ಬರೆಯೋದಕ್ಕೆ ಕ್ನೋಲ್ ಮಾಮ ಇದಾರಲ್ಲ."

"ಅವರ ಕೈ ನಡುಗುತ್ತೆ ಈಗ."

ತ್ರೀನೆ ಮೂರನೆಯ ಅಂಕದ ರವಿಕೆಯ ಗುಂಡಿ ಹಾಕತೊಡಗಿದಳು. ಯುಲಿಯಾನೆ ತೋಳೆತ್ತಿ ನಿಂತು ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಬೀಗದ ಕೈ ಮೊಳೆಯಲ್ಲಿದೆ. ತಾಲೀಮಿನ ನಂತರ ಎಲ್ಲರೂ ಅಂಗಳಕ್ಕೆ ಹೋಗುವ ಹೊತ್ತಿನಲ್ಲಿ ದಿನಕ್ಕೆ ಎರಡು ಹಾಳೆ ಮನೆಗೆ ತಂದು, ಪ್ರತಿಮಾಡಿ, ಮರುದಿನ ಅಲ್ಲೇ ಇಟ್ಟುಬಿಟ್ಟರೆ ಈಸ್ಟರ್‌ಗೆ ಮೊದಲೇ ಮುಗಿಯುತ್ತದೆ. ಡ್ರೆಸ್ಡೆನ್ನಿಗೆ ಎರಡೇ ಸಾಲು ಬರೆದರಾಯಿತು: ನಾನು ಈ ಹಾಡನ್ನು ಒಂದು ಸ್ವರ ಇಳಿಸಿ ಹಾಡುತ್ತೇನೆ. ಹಾಳೆಗಳನ್ನು ನಾನೇ ತರುತ್ತೇನೆ. ಕ್ಷಮೆಯ ಮಾತು ಬೇಕಾಗಿಲ್ಲ. ಇಲ್ಲಿ ಯಾರಿಗೂ ಏನೂ ಹೇಳುವುದೂ ಬೇಕಾಗಿಲ್ಲ. ಅವರು ಎರಡು ವರ್ಷ ಜೋಪಾನ ಮಾಡಿದ್ದನ್ನು ಅವರ ಹತ್ತಿರವೇ ಇರಲು ಬಿಡಬಹುದು.

ಕೊಂಬಿನವರ ಹಾಳೆಯಲ್ಲಿ ಕೆಂಪು ಶಾಯಿಯ ಸಾಲು ಬರುವ ಜಾಗದಲ್ಲಿ ಏನು ಬರೆಯಬೇಕೆಂದೂ ಅವಳು ಆಗಲೇ ಯೋಚಿಸಿದ್ದಳು. 'ಇಲ್ಲಿ ಕೊಳವೆ ಬದಲಿಸಿ. ಅವಸರ ಬೇಡ, ಅವಳು ಕಾಯುತ್ತಾಳೆ.'

ಹೊರಗೆ ಮೂರನೆಯ ಅಂಕದ ಗಂಟೆ ಬಾರಿಸಿತು. ಅವಳು ಶಾಲು ಎತ್ತಿಕೊಂಡಳು.